ಬೆತ್ತಲೆ ಇಲಿಯ ಲೋಳೆ

ಕೇಳುಗರಿಗೆ ನಮಸ್ಕಾರ.

ಬೆಂಡೆಕಾಯಿ ಹೆಚ್ಚಿದವರಿಗೆ ಲೋಳೆಯ ಕಾಟ ಗೊತ್ತು. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯಕ್ಕೂ ಇಂಥದೇ ಕಾಟ ಅಂಟಿಕೊಂಡಿತ್ತು. ವೆರಾ ಗೊರ್ಬುನೊವಾ ಮತ್ತು ಆಂಡ್ರೇ ಸೆಲುಆನೊವ್ ಅವರ ತಂಡ ಅಲ್ಲಿ ನೇಕೆಡ್ ಮೋಲ್ ರ‍್ಯಾಟ್ ಎಂಬ ಪ್ರಾಣಿಯ ಜೀವಕೋಶಗಳನ್ನು ತಟ್ಟೆಗಳಲ್ಲಿ ಬೆಳೆಸುತ್ತಿತ್ತು. ಕೆಲವು ದಿನ ಕಳೆದರೆ ಸಾಕು, ಕೋಶಗಳಿಗೆ ಹಾಕಿದ ಪೋಷಕ ದ್ರವ ಪಾಕದಂತೆ ಮಂದವಾಗುತ್ತಿತ್ತು. ಅದನ್ನು ಹೀರುವ ಕೊಳವೆಗಳು ಕಟ್ಟಿಕೊಳ್ಳುತ್ತಿದ್ದವು. ಬಿಚ್ಚಿ ತೊಳೆಯಬೇಕಾದ ಸಹಾಯಕಿ ಬೇಸತ್ತಿದ್ದರಂತೆ.

ಆ ಲೋಳೆಯೇ ಹ್ಯಾಲುರಾನಿಕ್ ಆಮ್ಲ. ಮುಖಕ್ಕೆ ಹಚ್ಚುವ ಸೀರಂ ಜಾಹೀರಾತಿನಲ್ಲಿ ನೀವು ಕೇಳಿದ ಹೆಸರು. ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು 1934ರಲ್ಲಿ ಗುರುತಿಸಿದ್ದು ದನದ ಕಣ್ಣುಗುಡ್ಡೆಯಲ್ಲಿ. ಎರಡು ಬಗೆಯ ಸಕ್ಕರೆಯ ಅಣುಗಳನ್ನು ಒಂದಾದ ಮೇಲೊಂದರಂತೆ ಪೋಣಿಸಿದ ಸರ ಇದು. ನಮ್ಮ ಚರ್ಮದಲ್ಲೂ ಮಂಡಿಯ ಕೀಲಿನಲ್ಲೂ ಇದೆ.

ಪೂರ್ವ ಆಫ್ರಿಕಾದ ಬಿಲಗಳಲ್ಲಿ ಬಾಳುವ ಈ ಬೋಳು ಮೈಯ ಇಲಿಯಲ್ಲಿ ಆ ಸರ ನಮ್ಮದಕ್ಕಿಂತ ಐದು ಪಟ್ಟಿಗೂ ಹೆಚ್ಚು ಉದ್ದ. ಸಾಮಾನ್ಯ ಇಲಿ ಮೂರು ವರ್ಷ ಬದುಕಿದರೆ ಹೆಚ್ಚು. ಇದು ಮೂವತ್ತು ದಾಟುತ್ತದೆ, ಕ್ಯಾನ್ಸರ್ ತೀರಾ ಅಪರೂಪ.

ಕೋಶಗಳು ಅಂಕೆಯಿಲ್ಲದೆ ವಿಭಜನೆಯಾಗುವುದೇ ಕ್ಯಾನ್ಸರ್. ತಟ್ಟೆಯಲ್ಲಿ ಬೆಳೆಯುವ ಆರೋಗ್ಯವಂತ ಕೋಶಗಳು ಪಕ್ಕದವಕ್ಕೆ ಮೈತಾಗುವಷ್ಟು ಇಕ್ಕಟ್ಟಾದಾಗ ವಿಭಜನೆ ನಿಲ್ಲಿಸುತ್ತವೆ. ಈ ಇಲಿಯ ಕೋಶಗಳು ಇನ್ನೂ ಸಾಕಷ್ಟು ಜಾಗವಿರುವಾಗಲೇ ನಿಲ್ಲುತ್ತವೆ. ಕೋಶದ ಮೇಲಿರುವ ಸಿಡಿ44 ಎಂಬ ಪ್ರೋಟೀನ್ ಉದ್ದನೆಯ ಸರವನ್ನು ಹಿಡಿದುಕೊಂಡು, ‘ಸಾಕು’ ಎಂಬ ಸುದ್ದಿಯನ್ನು ಒಳಗೆ ಮುಟ್ಟಿಸುತ್ತದೆ. ಕಿಣ್ವ ಹಾಕಿ ಸರವನ್ನು ಕತ್ತರಿಸಿದಾಗ ಅವೇ ಕೋಶಗಳು ಒತ್ತೊತ್ತಾಗಿ ಬೆಳೆದವು. 2013ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ ಪರೀಕ್ಷೆ: ಲೋಳೆ ತೆಗೆದು ನೋಡಿದರು, ಲಗಾಮು ಸಡಿಲವಾಯಿತು.

ತುಂಡುಗಳ ಸ್ವಭಾವವೇ ಬೇರೆ. ಗಾಯವಾದಲ್ಲಿ ಸರ ಒಡೆದು ಚೂರಾದಾಗ, ಆ ಚೂರುಗಳು ಉರಿಯೂತ ಎಬ್ಬಿಸುತ್ತವೆ, ಹೊಸ ರಕ್ತನಾಳಗಳನ್ನು ಚಿಗುರಿಸುತ್ತವೆ, ಕೋಶಗಳನ್ನು ವಿಭಜನೆಗೆ ಹುರಿದುಂಬಿಸುತ್ತವೆ. ವಸ್ತು ಅದೇ, ಉದ್ದ ಬದಲಾದರೆ ಅಪ್ಪಣೆ ತಿರುವುಮುರುವು. ಸೀರಂ ಮಾರುವವರು ಹೇಳುವುದು ತೇವದ ಕಥೆಯನ್ನಷ್ಟೇ. ಈ ಕಥೆ ಅವರ ಸೀಸೆಗೆ ಹಿಡಿಸದು.

2023ರಲ್ಲಿ ಅದೇ ತಂಡ ಲೋಳೆ ತಯಾರಿಸುವ ಆ ಪ್ರಾಣಿಯ ಜೀನನ್ನು ಪ್ರಯೋಗಾಲಯದ ಇಲಿಗಳಿಗೆ ಸೇರಿಸಿತು. ಗೆಡ್ಡೆಗಳು ಕಡಿಮೆಯಾದವು. ಮಧ್ಯಮ ಆಯಸ್ಸು, ಅಂದರೆ ಅರ್ಧದಷ್ಟು ಇಲಿಗಳು ದಾಟುವ ವಯಸ್ಸು, ಹೆಚ್ಚಿದ್ದು ಶೇಕಡಾ 4.4 ಮಾತ್ರ.

ನಮಸ್ಕಾರ.