ಸೋತವನೂ ಒಪ್ಪುವ ಎಣಿಕೆ

ಸ್ನೇಹಿತರೇ,

2024ರ ಏಪ್ರಿಲ್ 26ರ ಶುಕ್ರವಾರ ಬೆಂಗಳೂರಿನಲ್ಲಿ ಲೋಕಸಭೆಗೆ ಮತದಾನ ನಡೆಯಿತು. ಒತ್ತಿದ ಮತವನ್ನು ಕಾಗದದ ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಪೆಟ್ಟಿಗೆಯ ಚೀಟಿಗಳನ್ನೆಲ್ಲ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದೂ ಅದೇ ದಿನ. ನಾವು ಇಲ್ಲಿ ಸಾಲಿನಲ್ಲಿ ನಿಂತು ಗುಂಡಿ ಒತ್ತುತ್ತಿದ್ದಾಗ, ಆ ಗುಂಡಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ದೆಹಲಿಯಲ್ಲಿ ಓದಿ ಹೇಳುತ್ತಿದ್ದರು. ಈ ವಿಷಯದಲ್ಲಿ ನಮ್ಮೂರಿಗೆ ಸ್ವಲ್ಪ ಹೆಚ್ಚಿನ ಬಾಧ್ಯತೆಯೇ ಇದೆ. ದೇಶದ ಮತಯಂತ್ರಗಳನ್ನು ತಯಾರಿಸುವುದು ಎರಡೇ ಸಂಸ್ಥೆಗಳು: ಹೈದರಾಬಾದಿನ ಇಸಿಐಎಲ್ ಮತ್ತು ನಮ್ಮ ಜಾಲಹಳ್ಳಿಯ ಬಿಇಎಲ್. ಬೆರಳಿಗೆ ಹಚ್ಚುವ ಶಾಯಿ ಮೈಸೂರಿನದು. ಸಾಮಗ್ರಿ ಬಹಳಷ್ಟು ಕರ್ನಾಟಕದ್ದು. ಅನುಮಾನ ಮಾತ್ರ ಎಲ್ಲ ರಾಜ್ಯಗಳಲ್ಲೂ ಧಾರಾಳವಾಗಿ ತಯಾರಾಗುತ್ತದೆ.

ಆ ಅನುಮಾನಕ್ಕೆ ಪಕ್ಷಭೇದವಿಲ್ಲ. 2009ರಲ್ಲಿ ಸೋತ ಬಿಜೆಪಿಯ ಹಿರಿಯರು ಯಂತ್ರವನ್ನು ಪ್ರಶ್ನಿಸಿದರು. ಈಗ ಕಾಂಗ್ರೆಸ್ಸಿನವರು ಪ್ರಶ್ನಿಸುತ್ತಿದ್ದಾರೆ. ಇದನ್ನು ಕಂಡು ನಗುವವರು ಬಹಳ. ನನಗೆ ನಗು ಬರುವುದಿಲ್ಲ. ಚುನಾವಣೆಯಲ್ಲಿ ಗೆದ್ದವನಿಗೆ ಪುರಾವೆ ಬೇಕಾಗಿಲ್ಲ. ಸೋತವನು ಸಂಜೆ ಮನೆಗೆ ಹೋಗಿ, ‘ಜನ ನನ್ನನ್ನು ಬೇಡವೆಂದರು’ ಎಂದು ಒಪ್ಪಿಕೊಳ್ಳುವಂತೆ ಮಾಡುವುದೇ ಎಣಿಕೆಯ ಕೆಲಸ. ಅದಕ್ಕೆ ಬೇಕಾದ ಪುರಾವೆಯನ್ನು ನಮ್ಮ ವ್ಯವಸ್ಥೆ ಕೊಡುತ್ತಿದೆಯೇ ಎಂಬುದು ನನ್ನ ಪ್ರಶ್ನೆ. ಯಾರೋ ಎಲ್ಲೋ ಮೊಬೈಲ್ ಹಿಡಿದು ಯಂತ್ರವನ್ನು ತಿರುಗಿಸಿಬಿಟ್ಟರು ಎಂಬ ಕಥೆಗಳನ್ನು ನಾನು ನಂಬುವುದಿಲ್ಲ. ನಮ್ಮ ಯಂತ್ರಕ್ಕೆ ಜಾಲಸಂಪರ್ಕವೇ ಇಲ್ಲ. 2010ರಲ್ಲಿ ತಂತ್ರಜ್ಞ ಹರಿಪ್ರಸಾದ್ ಮತ್ತು ಇಬ್ಬರು ವಿದೇಶಿ ತಜ್ಞರು ತೋರಿಸಿದ ತಿರುಚುವಿಕೆಗೂ ಯಂತ್ರ ಕೈಗೆ ಸಿಗಬೇಕಿತ್ತು. ಆ ಯಂತ್ರ ಎಲ್ಲಿಂದ ಬಂತೆಂದು ಕೇಳಿ ಪೊಲೀಸರು ಹರಿಪ್ರಸಾದರನ್ನೇ ಬಂಧಿಸಿದರು. ಬೀಗ ಸಡಿಲವಾಗಿದೆ ಎಂದು ಹೇಳಿದವನ ಕೈಗೆ ಕೋಳ ಹಾಕಿದರೆ ಬೀಗ ಬಿಗಿಯಾಗುವುದಿಲ್ಲ.

ಯಂತ್ರ ಬಂದದ್ದರಿಂದ ಆದ ಉಪಕಾರವನ್ನೂ ಹೇಳಬೇಕು. ಮತಗಟ್ಟೆಗೆ ನುಗ್ಗಿ ರಾಶಿರಾಶಿ ಮುದ್ರೆ ಒತ್ತುವ ಕಾಲವೊಂದಿತ್ತು. ಈ ಯಂತ್ರ ನಿಮಿಷಕ್ಕೆ ನಾಲ್ಕೈದು ಮತಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಮುದ್ರೆ ಗೆರೆಯ ಮೇಲೆ ಬಿದ್ದು ಮತ ಕುಲಗೆಡುವ ಪ್ರಶ್ನೆಯೂ ಇಲ್ಲ. ಕಾಗದವೆಂದರೆ ನಿರ್ಮಲ ಎಂದುಕೊಂಡವರು 2023ರ ವಿಧಾನಸಭಾ ಚುನಾವಣೆಯ ಜಯನಗರವನ್ನು ನೆನೆಯಬೇಕು. 16 ಮತಗಳಲ್ಲಿ ತೀರ್ಮಾನವಾದ ಆ ಫಲಿತಾಂಶಕ್ಕಾಗಿ ರಾತ್ರಿಯವರೆಗೂ ಜಗಳ ನಡೆದದ್ದು ಅಂಚೆ ಮತಪತ್ರಗಳ ಮೇಲೆ, ಅಂದರೆ ಕಾಗದದ ಮೇಲೆ.

ಹಾಗಾದರೆ ತೊಂದರೆ ಎಲ್ಲಿದೆ? ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2009ರ ಮಾರ್ಚ್‌ನಲ್ಲಿ ಅಲ್ಲಿನ ಮತಯಂತ್ರಗಳ ಬಳಕೆಯನ್ನು ಅಸಾಂವಿಧಾನಿಕ ಎಂದಿತು. ಮೋಸ ನಡೆದಿದೆ ಎಂದು ಅದು ಹೇಳಲಿಲ್ಲ. ತಾಂತ್ರಿಕ ಪರಿಣತಿಯಿಲ್ಲದ ಸಾಮಾನ್ಯ ನಾಗರಿಕನೂ ಎಣಿಕೆಯ ಮುಖ್ಯ ಹಂತಗಳನ್ನು ತಾನೇ ಪರಿಶೀಲಿಸಬಲ್ಲವನಾಗಿರಬೇಕು ಎಂದಿತು. ಇದು ಸರಿಯಾದ ಅಳತೆಗೋಲು ಎಂದು ನನ್ನ ಅಭಿಪ್ರಾಯ. ನಮ್ಮಲ್ಲಿ ಆ ಅಳತೆಗೆ ಹತ್ತಿರ ಬರುವುದು ವಿವಿಪ್ಯಾಟ್ ಒಂದೇ. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದ ಈ ಪೆಟ್ಟಿಗೆಯ ಗಾಜಿನ ಹಿಂದೆ ಏಳು ಸೆಕೆಂಡು ಚೀಟಿ ಕಾಣುತ್ತದೆ, ಆಮೇಲೆ ಒಳಗೆ ಬೀಳುತ್ತದೆ. ಬಿದ್ದ ಚೀಟಿಯನ್ನು ಯಾರೂ ಎಣಿಸದಿದ್ದರೆ ಅದು ನೋಡುವವನ ಸಮಾಧಾನಕ್ಕೆ ಮಾತ್ರ.

ಎಣಿಸುವುದು ಎಷ್ಟು? ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಚೀಟಿ. ಮೊದಲು ಒಂದೇ ಇತ್ತು. 2019ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಐದು ಮಾಡಿತು. ಇಡೀ ದೇಶಕ್ಕೆ 479 ಯಂತ್ರಗಳನ್ನು ಪರಿಶೀಲಿಸಿದರೆ ಸಾಕೆಂದು ತಜ್ಞರ ಸಮಿತಿಯೊಂದು ಚುನಾವಣಾ ಆಯೋಗಕ್ಕೆ ವರದಿ ಕೊಟ್ಟಿತ್ತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ನಿಜ. ಆದರೆ ಪಾತ್ರೆ ಒಂದೇ ಆಗಿರಬೇಕು. 543 ಒಲೆಗಳ ಮೇಲೆ 543 ಪಾತ್ರೆ ಇಟ್ಟು, ಒಟ್ಟಾರೆ ಅನ್ನ ಬೆಂದಿದೆ ಎಂದರೆ ಬೇಯದ ಪಾತ್ರೆಯ ಪಂಕ್ತಿಯಲ್ಲಿ ಕುಳಿತವನಿಗೆ ಏನು ಪ್ರಯೋಜನ?

ಲೆಕ್ಕ ಹಾಕಿ ನೋಡೋಣ. ಒಂದು ಕ್ಷೇತ್ರದಲ್ಲಿ 200 ಮತಗಟ್ಟೆಗಳಿವೆ, ಅದರಲ್ಲಿ ಎರಡು ಯಂತ್ರ ತಪ್ಪು ಎಣಿಸಿವೆ ಎನ್ನಿ. ಲಾಟರಿ ಎತ್ತಿ ಐದು ಮತಗಟ್ಟೆಗಳನ್ನು ಆರಿಸಿದರೆ, ಆ ಎರಡೂ ತಪ್ಪಿಸಿಕೊಳ್ಳುವ ಸಂಭವ ನೂರಕ್ಕೆ 95. ಅಂತರ ಐವತ್ತು ಸಾವಿರವಾಗಿದ್ದರೆ ಎರಡು ಯಂತ್ರದಿಂದ ಏನೂ ಕೆಡುವುದಿಲ್ಲ. ಆದರೆ ಜಯನಗರದಂತಹ ಕಡೆ ಕೆಡುತ್ತದೆ. 2004ರಲ್ಲಿ ಸಂತೆಮರಹಳ್ಳಿಯಲ್ಲಿ ಒಬ್ಬರಿಗೆ 40,752, ಇನ್ನೊಬ್ಬರಿಗೆ 40,751 ಮತ ಬಂದಿದ್ದವು. ಒಂದು ಮತದ ಅಂತರಕ್ಕೂ ಒಂದು ಲಕ್ಷದ ಅಂತರಕ್ಕೂ ಅದೇ ಐದು ಮತಗಟ್ಟೆ ಎಂಬುದು ಯಾವ ಸಂಖ್ಯಾಶಾಸ್ತ್ರ? ಅಂತರ ಕಿರಿದಾದಷ್ಟೂ ಹೆಚ್ಚು ಚೀಟಿ ಎಣಿಸಬೇಕು, ಹಿರಿದಾದರೆ ಕಡಿಮೆ ಸಾಕು. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 2017ರಿಂದ ಇದೇ ತತ್ತ್ವದ ಮೇಲೆ ತಪಾಸಣೆ ನಡೆಯುತ್ತಿದೆ. ಎಲ್ಲವನ್ನೂ ಎಣಿಸಿ ಎನ್ನುವವರಿಗೂ ಏನೂ ಬೇಡ ಎನ್ನುವವರಿಗೂ ಇದರಲ್ಲಿ ಉತ್ತರವಿದೆ. ಇಬ್ಬರಿಗೂ ಬೇಕಾಗಿಲ್ಲದಿರುವುದು ಬೇರೆ ಮಾತು.

2024ರ ತೀರ್ಪು ಒಂದು ಕಿಂಡಿ ತೆರೆಯಿತು. ಎರಡನೆಯ ಮತ್ತು ಮೂರನೆಯ ಸ್ಥಾನದವರು ಏಳು ದಿನಗಳೊಳಗೆ ಕೇಳಿ, ಖರ್ಚು ಭರಿಸಿದರೆ, ಪ್ರತಿ ವಿಧಾನಸಭಾ ಕ್ಷೇತ್ರದ ನೂರಕ್ಕೆ ಐದರಷ್ಟು ಯಂತ್ರಗಳನ್ನು ತಯಾರಕರ ಎಂಜಿನಿಯರುಗಳು ಪರೀಕ್ಷಿಸುತ್ತಾರೆ. ಆದರೆ ಯಂತ್ರ ಮಾಡಿದವರೇ ಯಂತ್ರಕ್ಕೆ ಪ್ರಮಾಣಪತ್ರ ಕೊಡುವ ಈ ಕ್ರಮ ಜಾಲಹಳ್ಳಿಯ ಮೇಲೆ ಅಭಿಮಾನವಿರುವ ನನಗೂ ಸಾಲದು.

ಇನ್ನು ನೈತಿಕ ಪ್ರಶ್ನೆ. ತಾನು ಒತ್ತಿದ್ದು ಒಂದು, ಚೀಟಿಯಲ್ಲಿ ಬಂದದ್ದು ಇನ್ನೊಂದು ಎಂದು ಮತದಾರಳೊಬ್ಬಳು ದೂರಿದರೆ ಏನಾಗುತ್ತದೆ? ಚುನಾವಣಾ ನಿಯಮ 49ಎಂಎ ಪ್ರಕಾರ ಅವಳು ಲಿಖಿತ ಘೋಷಣೆ ಕೊಡಬೇಕು. ಸುಳ್ಳಾದರೆ ಶಿಕ್ಷೆ ಎಂಬ ಎಚ್ಚರಿಕೆ ಮೊದಲೇ ಬರುತ್ತದೆ. ಅಧಿಕಾರಿ ಮತ್ತು ಏಜೆಂಟರ ಎದುರಿಗೆ ಪರೀಕ್ಷಾರ್ಥ ಮತ ಹಾಕಬೇಕು. ಆಗ ಯಂತ್ರ ಸರಿಯಾಗಿ ಮುದ್ರಿಸಿದರೆ ಅವಳೇ ಸುಳ್ಳುಗಾರ್ತಿ. ಆಗೊಮ್ಮೆ ಈಗೊಮ್ಮೆ ಮಾತ್ರ ತಪ್ಪುವ ಯಂತ್ರವನ್ನು ಅವಳು ಹೇಗೆ ಹಿಡಿದು ತೋರಿಸಬೇಕು? ದೂರುಗಳು ಕಡಿಮೆ ಎಂದು ಆಯೋಗ ಹೇಳಿದಾಗಲೆಲ್ಲ ನನಗೆ ಈ ನಿಯಮ ನೆನಪಾಗುತ್ತದೆ.

ಇದಕ್ಕಿಂತಲೂ ನನ್ನನ್ನು ಕಾಡುವುದು ಗೋಪ್ಯತೆ. ಬೆಂಗಳೂರಿನಲ್ಲಿ ಒಂದು ಮತಗಟ್ಟೆಯೆಂದರೆ ಕೆಲವೊಮ್ಮೆ ಒಂದೇ ಅಪಾರ್ಟ್‌ಮೆಂಟ್, ಕೆಲವೊಮ್ಮೆ ಒಂದು ಕೊಳೆಗೇರಿಯ ನಾಲ್ಕು ಗಲ್ಲಿ. ಯಂತ್ರ ಮತಗಟ್ಟೆವಾರು ಲೆಕ್ಕ ಕೊಡುತ್ತದೆ, ಆ ಲೆಕ್ಕ ಬಹಿರಂಗವಾಗಿ ಪ್ರಕಟವಾಗುತ್ತದೆ. ಅಪಾರ್ಟ್‌ಮೆಂಟಿನವರಿಗೆ ಅದರಿಂದ ನಷ್ಟವಿಲ್ಲ. ನೀರಿನ ಟ್ಯಾಂಕರಿಗೂ ಹಕ್ಕುಪತ್ರಕ್ಕೂ ಶಾಸಕರ ಮನೆ ಬಾಗಿಲಿಗೆ ಹೋಗಬೇಕಾದ ಗಲ್ಲಿಯವರಿಗೆ ಇದೆ. ಮತಪತ್ರದ ಕಾಲದಲ್ಲಿ ಹಲವು ಪೆಟ್ಟಿಗೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಯಂತ್ರಗಳ ಮೊತ್ತವನ್ನು ಒಟ್ಟುಗೂಡಿಸುವ ಟೋಟಲೈಸರ್ ಬೇಕೆಂದು ಆಯೋಗ 2008ರಲ್ಲೇ ಕೇಳಿತು, 2015ರಲ್ಲಿ ಕಾನೂನು ಆಯೋಗ ಬೆಂಬಲಿಸಿತು, ಕೇಂದ್ರ ಸರ್ಕಾರ ಒಪ್ಪಲಿಲ್ಲ. ಯಾವ ಗಲ್ಲಿ ಕೈಕೊಟ್ಟಿತು ಎಂದು ತಿಳಿಯುವ ಆಸೆ ಎಲ್ಲ ಪಕ್ಷಗಳಿಗೂ ಇದೆಯಲ್ಲ.

2025ರ ಸೆಪ್ಟೆಂಬರ್‌ನಲ್ಲಿ ನಮ್ಮ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರವನ್ನೇ ಬಳಸಬೇಕೆಂದು ಶಿಫಾರಸು ಮಾಡಿತು. 2020ರಲ್ಲಿ ಅವಧಿ ಮುಗಿದ ಪಾಲಿಕೆಗೆ ಐದು ವರ್ಷ ಚುನಾವಣೆಯನ್ನೇ ನಡೆಸದ ನಗರದಲ್ಲಿ ಕಾಗದವೋ ಯಂತ್ರವೋ ಎಂಬ ಚರ್ಚೆಗೆ ಒಂದು ವಿಚಿತ್ರ ಸೊಗಸಿದೆ. ಇರಲಿ. ಮತಪತ್ರ ಬಂದರೂ ಮತಗಟ್ಟೆವಾರು ಎಣಿಸಿ ಪ್ರಕಟಿಸಿದರೆ ಆ ಗಲ್ಲಿಯ ಗುಟ್ಟು ಉಳಿಯುವುದಿಲ್ಲ. ಆದ್ದರಿಂದ ರಾಜ್ಯ ಚುನಾವಣಾ ಆಯೋಗಕ್ಕೆ ನಾವು ಬರೆಯಬೇಕಾದ ಪತ್ರದಲ್ಲಿ ಎರಡು ಮಾತು ಇರಲಿ: ವಾರ್ಡಿನ ಮತಗಳನ್ನು ಬೆರೆಸಿ ಎಣಿಸಿ, ಎಷ್ಟು ಅಂತರಕ್ಕೆ ಮರುಎಣಿಕೆ ಎಂಬುದನ್ನು ಮತದಾನಕ್ಕೆ ಮೊದಲೇ ಪ್ರಕಟಿಸಿ. ಕರಡು ತಂದಿದ್ದೇನೆ, ಸಹಿ ಹಾಕುವವರು ಹಾಕಬಹುದು. ಈಗ ನಿಮ್ಮ ಪ್ರಶ್ನೆಗಳು.