ಕವರ್ ಎಷ್ಟು ಬಿಟ್ಟಿದ್ದೀರಿ?

ಕೇಳುಗರೆಲ್ಲರಿಗೂ ನಮಸ್ಕಾರ. ಮನೆ ಕಟ್ಟಿಸುವಾಗ ಗವಂಡಿಗಳ ಬಾಯಲ್ಲಿ, ಇಂಜಿನಿಯರ್ ಬಾಯಲ್ಲಿ ದಿನವೂ ಬರುವ ಮಾತುಗಳನ್ನು ವಿವರಿಸಬೇಕೆಂದು ಆಕಾಶವಾಣಿಯವರು ಹೇಳಿದ್ದಾರೆ. ಫೂಟಿಂಗ್, ಪ್ಲಿಂತ್, ಲಿಂಟಲ್, ಸಜ್ಜಾ, ಸೆಂಟ್ರಿಂಗ್, ಕ್ಯೂರಿಂಗ್, ಹೀಗೆ ಪಟ್ಟಿ ದೊಡ್ಡದು. ಆದರೆ ಕಾರವಾರದಿಂದ ಭಟ್ಕಳದವರೆಗೆ ಕಡಲಗಾಳಿ ಬೀಸುವ ಊರಿನವರು ಮೊದಲು ಒಂದೇ ಮಾತು ಹಿಡಿದುಕೊಳ್ಳಿ. ಅದು ಕವರ್.

ಕಾಂಕ್ರೀಟಿನ ಹೊರಮೈಯಿಂದ ಒಳಗಿನ ಕಬ್ಬಿಣದವರೆಗೆ ಇರುವ ದಪ್ಪವೇ ಕವರ್. ಯಾವ ಕಬ್ಬಿಣ? ಎಲ್ಲಕ್ಕಿಂತ ಹೊರಗಿರುವುದು. ಕಾಲಂನಲ್ಲಿ ಉದ್ದ ಸರಳುಗಳ ಸುತ್ತ ರಿಂಗ್ ಕಟ್ಟಿರುತ್ತಾರಲ್ಲ, ಅಳೆಯಬೇಕಾದದ್ದು ಆ ರಿಂಗಿನ ಹೊರಮೈಗೆ. ಹೆಚ್ಚಿನವರು ಉದ್ದ ಸರಳಿಗೆ ಟೇಪ್ ಹಿಡಿದು ಲೆಕ್ಕ ಹೇಳಿಬಿಡುತ್ತಾರೆ. 8 ಮಿಲಿಮೀಟರ್ ರಿಂಗ್ ಅಷ್ಟರಲ್ಲೇ 8 ಮಿಲಿಮೀಟರ್ ಕವರ್ ನುಂಗಿರುತ್ತದೆ.

ಎಷ್ಟಿರಬೇಕು? ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನಕ, 2000ನೇ ಇಸವಿಯ ಐ.ಎಸ್. 456 ಸಂಹಿತೆಯ ಪ್ರಕಾರ ಕರಾವಳಿಯ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟಿಗೆ 45 ಮಿಲಿಮೀಟರ್. ಅಲೆಯ ತುಂತುರು ಹಾರಿ ಬೀಳುವಲ್ಲಿ 50. ಉಪ್ಪುಗಾಳಿ ನೇರವಾಗಿ ತಾಗದ ಒಳಭಾಗಕ್ಕೆ 30. ಕಾಲಂನ ಭಾರವನ್ನು ನೆಲಕ್ಕೆ ಹಂಚುವ ಫೂಟಿಂಗಿಗೆ 50. ಬಯಲುಸೀಮೆಯಲ್ಲಿ ಕೆಲಸ ಮಾಡಿ ಬಂದವರು ಸ್ಲ್ಯಾಬಿಗೆ 20 ಸಾಕು ಅನ್ನುತ್ತಾರೆ. ಅಲ್ಲಿ ಸಾಕಾಗಬಹುದು, ಇಲ್ಲಿ ಸಾಲದು.

ಉಪ್ಪಿನಲ್ಲಿರುವ ಕ್ಲೋರೈಡ್ ತೇವದ ಜೊತೆ ಕಾಂಕ್ರೀಟಿನೊಳಗೆ ಇಳಿಯುತ್ತಲೇ ಹೋಗುತ್ತದೆ. ಸರಳನ್ನು ಮುಟ್ಟಿತೋ, ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಅದು ಒಳಗಿನಿಂದ ಒತ್ತುತ್ತದೆ. ಮೊದಲು ಸರಳಿನ ಗುಂಟ ಕೂದಲೆಳೆಯಂಥ ಬಿರುಕು, ಆಮೇಲೆ ಕಂದು ಕಲೆ, ಕೊನೆಗೆ ಕಾಂಕ್ರೀಟಿನ ಚಕ್ಕೆ ನೆಲಕ್ಕೆ. ಆಗ ಸಿಮೆಂಟ್ ಮೆತ್ತಿ ಬಣ್ಣ ಬಳಿದರೆ ತುಕ್ಕು ಒಳಗೆ ತನ್ನ ಕೆಲಸ ಮುಂದುವರಿಸುತ್ತದೆ. ಶಿರಸಿ, ಸಿದ್ದಾಪುರದ ಕಡೆ ಈ ಉಪ್ಪಿನ ಕಾಟವಿಲ್ಲ. ಆದರೆ ಮಳೆ ಬಿಡುವುದಿಲ್ಲವಲ್ಲ, ಅಲ್ಲೂ ಹೊರಮೈಗೆ ಕಡಿಮೆಯೆಂದರೆ 30 ಬೇಕು.

"ಮೇಲೆ ಪ್ಲಾಸ್ಟರ್ ಬರ್ತದಲ್ಲ" ಅನ್ನುವವರಿದ್ದಾರೆ. ದಯವಿಟ್ಟು ಆ ಮಾತು ಬೇಡ. ಪ್ಲಾಸ್ಟರ್ ಕವರ್ ಅಲ್ಲ, ಲೆಕ್ಕಕ್ಕೆ ಬರುವುದಿಲ್ಲ.

ಕವರ್ ತಾನಾಗಿ ಉಳಿಯುವುದಿಲ್ಲ, ಕವರ್ ಬ್ಲಾಕ್ ಇಡಬೇಕು. ಕಾಂಕ್ರೀಟಿನಷ್ಟೇ ಗಟ್ಟಿಯಾದ, ಅಳತೆಗೆ ಸರಿಯಾದ ಬ್ಲಾಕನ್ನು ಸುಮಾರು ಮೀಟರಿಗೊಂದರಂತೆ ಇಟ್ಟು ತಂತಿಯಿಂದ ಕಟ್ಟಬೇಕು. ಅದರ ಬದಲು ಇಟ್ಟ ಜಲ್ಲಿಚೂರು ಕಾಲು ತಾಗಿದರೆ ಉರುಳುತ್ತದೆ. ಮರದ ತುಂಡು ಒಳಗೇ ಉಳಿದು ನೀರು ಹೀರುತ್ತದೆ. ಇನ್ನೊಂದು, ಕಟ್ಟಿದ ತಂತಿಯ ತುದಿಗಳನ್ನು ಒಳಕ್ಕೆ ಮಡಚಿಸಿ. ಹೊರಕ್ಕೆ ಚಾಚಿದ ತುದಿ ಮೊದಲು ತುಕ್ಕು ಹಿಡಿಯುತ್ತದೆ.

ಈಗ ಸಜ್ಜಾ. ಕಿಟಕಿಯ ಮೇಲೆ ಗೋಡೆಯ ಭಾರ ಹೊರುವ ತೊಲೆ ಲಿಂಟಲ್, ಅದರಿಂದ ಹೊರಕ್ಕೆ ಚಾಚಿದ ಹಲಗೆ ಸಜ್ಜಾ. ಅಂಕೋಲೆಯ ಕಡೆ ಒಂದು ಮನೆ ಅಂದುಕೊಳ್ಳಿ. ಎರಡಡಿ ಚಾಚು, ಗೋಡೆಗೆ ಸೇರುವಲ್ಲಿ ಐದು ಇಂಚು ದಪ್ಪ. ಇದಕ್ಕೆ ಆಧಾರ ಒಂದೇ ಕಡೆ, ಆದ್ದರಿಂದ ಎಳೆತ ಬೀಳುವುದು ಮೇಲ್ಭಾಗಕ್ಕೆ. ಮುಖ್ಯ ಸರಳು ಮೇಲೇ ಇರಬೇಕು. ಬೆಳಿಗ್ಗೆ ಸರಳು ಕಟ್ಟುವವನು ಕೆಳಗೆ ಕಬ್ಬಿಣದ ಚೇರ್ ಕೊಟ್ಟು ಸರಳನ್ನು ಎತ್ತಿ ನಿಲ್ಲಿಸಿ, ಬಾಲವನ್ನು ಲಿಂಟಲಿನೊಳಗೆ ಬಾಗಿಸಿ, ಚೆನ್ನಾಗಿಯೇ ಕಟ್ಟಿಹೋಗುತ್ತಾನೆ. ಹನ್ನೊಂದು ಗಂಟೆಗೆ ಕಾಂಕ್ರೀಟ್ ಬರುತ್ತದೆ. ಬುಟ್ಟಿ ಹೊತ್ತವನು ಕಾಲಿಡುವುದೆಲ್ಲಿ? ಸರಳಿನ ಮೇಲೆ! ಚೇರ್ ಮಲಗುತ್ತದೆ, ಸರಳು ಸೆಂಟ್ರಿಂಗ್ ಹಲಗೆಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗಿನಿಂದ ಹೊರುವ ಹಲಗೆಗೆ, ಅಂಟುತ್ತದೆ, ಅದರ ಮೇಲೆ ಕಾಂಕ್ರೀಟ್ ಬಿದ್ದು ನಯವಾಗಿ ಒರೆಸಿದ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ. ಅಲ್ಲಿ ಈಗ ಕೆಳಗೆ ಕವರ್ ಸೊನ್ನೆ, ಮೇಲೆ ಸರಳು ಇದ್ದೂ ಇಲ್ಲ. ಹಲಗೆ ಬಿಚ್ಚಿದಾಗ ಸಜ್ಜಾ ಗೋಡೆಗೆ ಸೇರುವಲ್ಲಿ ಮೇಲಿನಿಂದ ಬಿರುಕು ಕಾಣಬಹುದು, ಕಾಣದೆಯೂ ಇರಬಹುದು. ಬಣ್ಣ ಬಳಿಯುವವನು ಅದರ ಮೇಲೆ ನಿಂತ ದಿನ ಗೊತ್ತಾಗುತ್ತದೆ.

ಪರಿಹಾರ ಎಷ್ಟು ಸುಲಭ ನೋಡಿ. ಓಡಾಡಲು ಸರಳಿಗೆ ತಾಗದಂತೆ ಹಲಗೆ ಹಾಕಿಸಿ. ಕಾಂಕ್ರೀಟ್ ಹಾಕುವಾಗ ಸರಳು ಎತ್ತಲು ಒಬ್ಬನನ್ನು ಅಲ್ಲೇ ನಿಲ್ಲಿಸಿ. ಲಿಂಟಲಿನ ಮೇಲೆ ಚಿರೆಕಲ್ಲಿನ ಗೋಡೆ ಏರಿ ಭಾರ ಕೂರುವವರೆಗೆ ಸಜ್ಜಾದ ಕೆಳಗೆ ಆಧಾರಕ್ಕೆ ಕೊಟ್ಟ ಕಂಬ ತೆಗೆಸಬೇಡಿ. ಮಳೆನೀರು ಒಳಕ್ಕೆ ಹರಿಯದಂತೆ ಸಜ್ಜಾದ ಅಂಚಿನ ಕೆಳಗೆ ಗೀರು ಬಿಡುತ್ತಾರೆ, ಒಳ್ಳೆಯದು. ಆದರೆ ಕವರ್ ಅಳೆಯುವುದು ಆ ಗೀರಿನ ತಳದಿಂದ.

ಸಮಯ ಸಜ್ಜಾದಲ್ಲೇ ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ಪ್ಲಿಂತ್ ಅಂದರೆ ನೆಲದಿಂದ ಮನೆಯೊಳಗಿನ ಹಾಸಿನವರೆಗಿನ ಎತ್ತರ. ಕರಾವಳಿಯ ತೆರೆದ ಗಾಳಿಗೆ ಎಂ 30 ಎಂಬ ಬಲದ ದರ್ಜೆಯ ಕಾಂಕ್ರೀಟ್ ಬೇಕು, ಬುಟ್ಟಿ ಎಣಿಸಿ ಕಲಸಿದರೆ ಅದು ಬರುವುದಿಲ್ಲ, ಮಿಕ್ಸ್ ಡಿಸೈನ್, ಅಂದರೆ ಯಾವುದು ಎಷ್ಟು ಹಾಕಬೇಕೆಂಬ ಲೆಕ್ಕ, ಮಾಡಿಸಿ. 50 ಕಿಲೋ ಸಿಮೆಂಟ್ ಚೀಲಕ್ಕೆ ನೀರು ಇಪ್ಪತ್ತೆರಡೂವರೆ ಲೀಟರ್ ಮೀರಬಾರದು, ಒದ್ದೆ ರೇತಿಯಲ್ಲಿರುವ ನೀರೂ ಅದರಲ್ಲೇ ಸೇರಿತು. ಸಲೀಸಾಗಿ ಹರಿಯಲಿ ಎಂದು ಪೈಪಿನಿಂದ ಇನ್ನಷ್ಟು ನೀರು ಬಿಟ್ಟರೆ ಕಾಂಕ್ರೀಟಿನಲ್ಲಿ ಸಣ್ಣ ರಂಧ್ರ ಉಳಿಯುತ್ತದೆ. ಆಗ 45 ಮಿಲಿಮೀಟರ್ ಕವರ್ ಇದ್ದರೂ ಉಪ್ಪು ಬೇಗ ಇಳಿಯುತ್ತದೆ. ಕಡಲ ರೇತಿ, ಉಪ್ಪುನೀರಿನ ಬಾವಿ ಎರಡೂ ಬೇಡ. ಕ್ಯೂರಿಂಗ್, ಅಂದರೆ ನೀರುಣಿಸುವುದು, ಪಿ.ಪಿ.ಸಿ., ಅಂದರೆ ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟಿಗೆ ಕಡಿಮೆಯೆಂದರೆ 10 ದಿನ, 14 ಆದರೆ ಉತ್ತಮ. ಅದಕ್ಕೂ ಸಿಹಿನೀರೇ.

ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ಟೇಪ್ ಹಿಡಿದು ಸೈಟಿಗೆ ಹೋಗಿ. ಸ್ಲ್ಯಾಬಿನ ಕೆಳಗೆ, ಸಜ್ಜಾದ ಮೇಲೆ, ಕಾಲಂ ರಿಂಗಿನ ನಾಲ್ಕೂ ಬದಿಗೆ ಅಳೆಯಿರಿ. ಕಾಲಂ ಪೆಟ್ಟಿಗೆ ಮುಚ್ಚಿದ್ದರೆ ಮೇಲಿನಿಂದ ಬ್ಯಾಟರಿ ಬಿಟ್ಟು ನೋಡಿ, ಕಬ್ಬಿಣ ಒಂದು ಬದಿಗೆ ವಾಲಿದ್ದರೆ ಪೆಟ್ಟಿಗೆ ಬಿಚ್ಚಿಸಿ ಸರಿಮಾಡಿಸಿ. ನಮಸ್ಕಾರ.