ಇನ್ನೊಂದೇ ಪಾಯಿಂಟ್ ಬಾಕಿ ಇತ್ತು!

[ಕಪ್ಪು ಪರದೆ. ಬಿಳಿ ಅಂಕಿಗಳಲ್ಲಿ ಸ್ಕೋರ್ ಮಾತ್ರ: 8-7, 40-15]

ಈ ಸ್ಕೋರ್ ನೋಡಿದ ಕೂಡಲೇ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತಾ? ಹಾಗಾದರೆ ನೀವೂ ನನ್ನ ಹಾಗೆ ಟೆನಿಸ್ ಆಟಗಾರ ರೋಜರ್ ಫೆಡರರ್ ಪಕ್ಷ. ಬನ್ನಿ, ಪಕ್ಕದಲ್ಲೇ ಕೂತುಕೊಳ್ಳಿ. ಏನೂ ಆಗಲಿಲ್ಲ, ಬದಲಿಗೆ ಸಣ್ಣಗೆ ನಗು ಬಂತು ಅನ್ನುವವರು ಅವನ ಎದುರಾಳಿ ನೊವಾಕ್ ಜೊಕೊವಿಚ್ ಪಕ್ಷ. ನಿಮಗೂ ಸ್ವಾಗತ. ಆದರೆ ಸ್ವಲ್ಪ ಮೆಲ್ಲಗೆ ನಕ್ಕರೆ ಉಪಕಾರವಾಗುತ್ತದೆ.

[ಕ್ಯಾಮೆರಾ ಮುಂದೆ]

ನಮಸ್ಕಾರ. ಪುರುಷರ ಟೆನಿಸ್‌ನಲ್ಲಿ ನನಗೆ ಮರೆಯಲಾಗದ ಕ್ಷಣಗಳ ಬಗ್ಗೆ ಇವತ್ತಿನ ವಿಡಿಯೋ. ಪಟ್ಟಿ ಮಾಡಲು ಕೂತಾಗ ಒಂದು ತಮಾಷೆ ಗಮನಕ್ಕೆ ಬಂತು. ಟ್ರೋಫಿ ಎತ್ತಿ ಹಿಡಿದದ್ದು, ಅದಕ್ಕೆ ಮುತ್ತು ಕೊಟ್ಟದ್ದು ಯಾವುದೂ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಇದ್ದದ್ದೆಲ್ಲ ಅದಕ್ಕಿಂತ ಸ್ವಲ್ಪ ಮುಂಚಿನ ಕ್ಷಣಗಳು. ಮ್ಯಾಚ್ ಪಾಯಿಂಟ್‌ಗಳು. ಒಬ್ಬನಿಗೆ ಇನ್ನೊಂದೇ ಪಾಯಿಂಟ್ ಸಾಕು. ಆ ಒಂದು ಮಾತ್ರ ಕೈಗೆ ಸಿಗುತ್ತಿಲ್ಲ.

ಟೆನಿಸ್ ಜಾಸ್ತಿ ನೋಡದವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಫುಟ್‌ಬಾಲಿನಲ್ಲಿ ಎರಡು ಗೋಲು ಮುಂದಿದ್ದೀರಿ, ಐದು ನಿಮಿಷ ಬಾಕಿ ಇದೆ ಅಂದುಕೊಳ್ಳಿ. ಚೆಂಡನ್ನು ನಿಮ್ಮ ನಿಮ್ಮಲ್ಲೇ ಒದ್ದುಕೊಂಡು ಹೊತ್ತು ಕಳೆಯಬಹುದು. ಕ್ರಿಕೆಟ್‌ನಲ್ಲಿ ಕೊನೆ ಓವರಿಗೆ 40 ರನ್ ಬೇಕು ಅಂದರೆ ಬೌಲರ್ ವೈಡ್, ನೋಬಾಲ್ ಹಾಕದಿದ್ದರೆ ಸಾಕು. ಟೆನಿಸ್‌ನಲ್ಲಿ ಈ ಸೌಕರ್ಯ ಇಲ್ಲ. ನಾಲ್ಕು ಪಾಯಿಂಟಿಗೆ (15, 30, 40, ಆಮೇಲೆ ಗೆಲುವು) ಒಂದು ಗೇಮ್, ಕನಿಷ್ಠ ಎರಡರ ಅಂತರದಲ್ಲಿ ಆರು ಗೇಮಿಗೆ ಒಂದು ಸೆಟ್, ಮೂರು ಸೆಟ್ ಗೆದ್ದರೆ ಮ್ಯಾಚ್. ಎರಡು ಸೆಟ್ ಮುಂದಿರಿ, ಮೂರನೇ ಸೆಟ್‌ನಲ್ಲಿ 5-0 ಇರಿ, ಆ ಗೇಮ್‌ನಲ್ಲಿ 40-0 ಇರಿ. ಕೊನೆಯ ಪಾಯಿಂಟನ್ನು ನೀವೇ ಗೆಲ್ಲಬೇಕು. ಗೆಲ್ಲುವ ತನಕ ಎದುರಿನವನು ಸೋತಿಲ್ಲ.

ಗಡಿಯಾರ ಇಲ್ಲದ ಆಟ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ 2010 ರ ವಿಂಬಲ್ಡನ್ ಇದೆಯಲ್ಲ. ಮೊದಲ ಸುತ್ತು, 18 ನೇ ಕೋರ್ಟ್, ಜಾನ್ ಇಸ್ನರ್ ಮತ್ತು ನಿಕೋಲಸ್ ಮಹುತ್. 11 ಗಂಟೆ 5 ನಿಮಿಷ, ಮೂರು ದಿನ. ಐದನೇ ಸೆಟ್ 70-68. ಕೋರ್ಟಿನ ಸ್ಕೋರ್ ಬೋರ್ಡ್ 47-47 ಕ್ಕೆ ಕೈಚೆಲ್ಲಿ ನಿಂತುಬಿಟ್ಟಿತ್ತು. ಅದಕ್ಕಿಂತ ಮುಂದಿನ ಲೆಕ್ಕ ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ, ಪಾಪ. ಈಗ ಹಾಗಾಗುವುದಿಲ್ಲ. 2022 ರಿಂದ ನಾಲ್ಕೂ ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ, ಅಂದರೆ ವರ್ಷದ ನಾಲ್ಕು ದೊಡ್ಡ ಟೂರ್ನಿಗಳಲ್ಲಿ, ಕೊನೆ ಸೆಟ್ 6-6 ಆದರೆ 10 ಪಾಯಿಂಟಿನ ಟೈಬ್ರೇಕ್. ಸೆಟ್ ತೀರ್ಮಾನಿಸಲು ಆಡುವ ಒಂದೇ ಒಂದು ಗೇಮ್ ಅದು. ಆಟಗಾರರ ಮೈಗೆ ಒಳ್ಳೆಯದು, ಒಪ್ಪುತ್ತೇನೆ.

[ಸ್ಕ್ರೀನ್ ಮೇಲೆ: ಪ್ಯಾರಿಸ್, 1989]

ಮೈಕೆಲ್ ಚಾಂಗ್‌ಗೆ ಆಗ 17 ವರ್ಷ. ಫ್ರೆಂಚ್ ಓಪನ್ ನಾಲ್ಕನೇ ಸುತ್ತು, ಎದುರಿಗೆ ನಂಬರ್ ಒನ್ ಇವಾನ್ ಲೆಂಡ್ಲ್. ಹುಡುಗ ಮೊದಲ ಎರಡು ಸೆಟ್ 4-6, 4-6 ಸೋತ. ಮುಂದಿನ ಎರಡು ಸೆಟ್ 6-3, 6-3 ಗೆದ್ದ. ಅಷ್ಟರಲ್ಲಿ ಕಾಲಿನ ಸ್ನಾಯು ಹಿಡಿದುಕೊಂಡಿತ್ತು. ಬದಿ ಬದಲಿಸುವಾಗ ಕುರ್ಚಿಯಲ್ಲಿ ಕೂರಲಿಲ್ಲ. ಕೂತರೆ ಏಳಲಾಗುವುದಿಲ್ಲ ಅನ್ನುವ ಭಯ. ನಿಂತೇ ಬಾಳೆಹಣ್ಣು ತಿಂದ, ನೀರು ಕುಡಿದ. ಚೆಂಡನ್ನು ಆಕಾಶಕ್ಕೆ ಎತ್ತಿ ಹೊಡೆಯುತ್ತಾ ಉಸಿರು ತೆಗೆದುಕೊಳ್ಳಲು ಹೊತ್ತು ಸಂಪಾದಿಸಿದ.

ಐದನೇ ಸೆಟ್‌ನಲ್ಲಿ 4-3 ಮುಂದೆ, ಸರ್ವ್ ಅವನದ್ದು, 15-30. ಜೋರಾಗಿ ಸರ್ವ್ ಮಾಡಲು ಕಾಲಲ್ಲಿ ಕಸುವಿಲ್ಲ. ಕೈ ಮೇಲೆತ್ತುವ ಬದಲು ಕೆಳಗಿನಿಂದಲೇ ಚೆಂಡನ್ನು ಮೆಲ್ಲಗೆ ತಟ್ಟಿ ಕಳಿಸಿದ. ಮಕ್ಕಳು ಅಂಗಳದಲ್ಲಿ ಆಡುವಾಗ ಮಾಡುತ್ತಾರಲ್ಲ, ಹಾಗೆ. ಲೆಂಡ್ಲ್ ಮುಂದಕ್ಕೆ ಓಡಿ ಬಂದ, ಪಾಯಿಂಟ್ ಚಾಂಗ್‌ಗೆ ಹೋಯಿತು.

ಎಲ್ಲರೂ ಆ ಸರ್ವ್ ಬಗ್ಗೆಯೇ ಮಾತಾಡುತ್ತಾರೆ. ನನಗೆ ಅದಕ್ಕಿಂತ ಇಷ್ಟ ಅದರ ನಂತರದ ಮ್ಯಾಚ್ ಪಾಯಿಂಟ್. ಲೆಂಡ್ಲ್‌ನ ಮೊದಲ ಸರ್ವ್ ಹೊರಗೆ. ಎರಡನೆಯದಕ್ಕೆ ಚಾಂಗ್ ಹಾಗೇ ನಡೆದುಕೊಂಡು ಮುಂದೆ ಬಂದ, ಬಂದ, ಸರ್ವೀಸ್ ಗೆರೆಯ ಹತ್ತಿರವೇ ಬಂದು ನಿಂತ. ಅಲ್ಲಿ ನಿಂತು ಯಾರೂ ರಿಟರ್ನ್ ಮಾಡುವುದಿಲ್ಲ. ಜನ ಗದ್ದಲ ಎಬ್ಬಿಸಿದರು. ಲೆಂಡ್ಲ್ ಡಬಲ್ ಫಾಲ್ಟ್ ಮಾಡಿದ, ಅಂದರೆ ಎರಡನೇ ಸರ್ವೂ ತಪ್ಪಿ ಪಾಯಿಂಟ್ ಚಾಂಗ್‌ಗೆ ಹೋಯಿತು. ಮ್ಯಾಚ್ ಮುಗಿಯಿತು. ಕೊನೆಯ ಪಾಯಿಂಟಿಗೆ ಚಾಂಗ್ ಚೆಂಡನ್ನು ಮುಟ್ಟಲೂ ಇಲ್ಲ! ಆ ವಾರದ ಕೊನೆಗೆ ಟೂರ್ನಿಯನ್ನೇ ಗೆದ್ದ.

[ಸ್ಕ್ರೀನ್ ಮೇಲೆ: ನ್ಯೂಯಾರ್ಕ್, 1996]

ಇದೂ ಹಾಗೇ ಮುಗಿದದ್ದು, ಬೇಗ ಹೇಳಿಬಿಡುತ್ತೇನೆ. ಯುಎಸ್ ಓಪನ್ ಕ್ವಾರ್ಟರ್ ಫೈನಲ್, ಪೀಟ್ ಸಾಂಪ್ರಾಸ್ ಮತ್ತು ಅಲೆಕ್ಸ್ ಕೊರೆಟ್ಜಾ. ಐದನೇ ಸೆಟ್ ಟೈಬ್ರೇಕ್ 1-1 ಇದ್ದಾಗ ಸಾಂಪ್ರಾಸ್ ಕೋರ್ಟಿನ ಹಿಂದೆ ಹೋಗಿ ವಾಂತಿ ಮಾಡಿದ. ಅಂಪೈರ್ ಏನು ಮಾಡಿದರು ಗೊತ್ತಾ? ಹೊತ್ತು ಹಾಳು ಮಾಡಿದ್ದಕ್ಕೆ ಎಚ್ಚರಿಕೆ ಕೊಟ್ಟರು. ನಿಯಮ ನಿಯಮವೇ. 6-7 ರಲ್ಲಿ ಕೊರೆಟ್ಜಾಗೆ ಮ್ಯಾಚ್ ಪಾಯಿಂಟ್. ನೆಟ್ ಹತ್ತಿರ ಸಾಂಪ್ರಾಸ್ ಮೈಯನ್ನೆಲ್ಲ ಚಾಚಿ ಒಂದು ವಾಲಿ ಮುಟ್ಟಿಸಿ ಉಳಿದುಕೊಂಡ. 7-7. ಮೊದಲ ಸರ್ವ್ ಹೊರಗೆ. ರ‍್ಯಾಕೆಟ್ ಊರಿಕೊಂಡು ನಿಲ್ಲುವ ಸ್ಥಿತಿಯಲ್ಲಿದ್ದವನು ಎರಡನೇ ಸರ್ವ್‌ನಲ್ಲಿ ಏಸ್ ಹೊಡೆದ, ಎದುರಿನವನು ಮುಟ್ಟಲೂ ಆಗದ ಸರ್ವ್. ಆಮೇಲೆ ಕೊರೆಟ್ಜಾ ಡಬಲ್ ಫಾಲ್ಟ್. ಅಷ್ಟೇ.

ನಿಲ್ಲಲೂ ಆಗದವನ ಎದುರು ಆಡುವುದು ಸುಲಭ ಅನ್ನಿಸುತ್ತದೆ ಅಲ್ವಾ? ಲೆಂಡ್ಲ್, ಕೊರೆಟ್ಜಾ ಇಬ್ಬರನ್ನೂ ನೋಡಿದರೆ ಅದರಷ್ಟು ಕಷ್ಟ ಇನ್ನೊಂದಿಲ್ಲ. ಅವನಿಗೆ ಕಳೆದುಕೊಳ್ಳಲು ಏನೂ ಉಳಿದಿಲ್ಲ. ಹೆದರಿಕೆಯೆಲ್ಲ ನಿಮ್ಮ ಪಾಲಿಗೆ ಬಂದುಬಿಟ್ಟಿರುತ್ತದೆ.

[ಸ್ಕ್ರೀನ್ ಮೇಲೆ: ವಿಂಬಲ್ಡನ್, 2001]

ಹೆದರಿಕೆ ಅಂದ ಮೇಲೆ ಗೊರಾನ್ ಇವಾನಿಸೆವಿಚ್ ಬರಲೇಬೇಕು. ಕ್ರೊಯೇಷ್ಯಾದ ಎಡಗೈ ಆಟಗಾರ. ಸರ್ವ್ ಅಂದರೆ ಅವನದ್ದು. ಎದುರಿನವರು ನೋಡುವುದರೊಳಗೆ ಚೆಂಡು ಹಿಂದಿನ ಗೋಡೆಗೆ ಬಡಿದಿರುತ್ತಿತ್ತು. ಆದರೂ 1992, 1994, 1998 ಮೂರೂ ವಿಂಬಲ್ಡನ್ ಫೈನಲ್ ಸೋತಿದ್ದ. ತಲೆ ಕೆಟ್ಟರೆ ಮಾತ್ರ ದೇವರೇ ಗತಿ. 2000 ದಲ್ಲಿ ಬ್ರೈಟನ್‌ನಲ್ಲಿ ಸಿಟ್ಟು ಬಂದು ತಂದಿದ್ದ ರ‍್ಯಾಕೆಟ್‌ಗಳನ್ನೆಲ್ಲ ಮುರಿದು ಹಾಕಿದ. ಆಡಲು ರ‍್ಯಾಕೆಟ್ಟೇ ಇಲ್ಲದೆ ಮ್ಯಾಚ್ ಬಿಟ್ಟುಕೊಡಬೇಕಾಯಿತು!

ಮಾರನೇ ವರ್ಷ ರ‍್ಯಾಂಕಿಂಗ್ 125. ವಿಂಬಲ್ಡನ್‌ಗೆ ನೇರ ಪ್ರವೇಶ ಸಿಗುವ ಹಾಗಿಲ್ಲ. ಹಳೆಯ ಲೆಕ್ಕ ನೋಡಿ ವೈಲ್ಡ್ ಕಾರ್ಡ್ ಕೊಟ್ಟರು. ಆ ಕಾರ್ಡ್ ಹಿಡಿದುಕೊಂಡು ಫೈನಲ್‌ಗೇ ಬಂದ. ಮಳೆಯಿಂದ ಫೈನಲ್ ಸೋಮವಾರಕ್ಕೆ ಹೋಯಿತು. ಎದುರಿಗೆ ಆಸ್ಟ್ರೇಲಿಯಾದ ಪ್ಯಾಟ್ ರಾಫ್ಟರ್. ಗ್ಯಾಲರಿ ತುಂಬ ಎರಡೂ ದೇಶದ ಬಾವುಟ, ಕೂಗಾಟ. ವಿಂಬಲ್ಡನ್ನಿನ ಸೆಂಟರ್ ಕೋರ್ಟ್ ಅವತ್ತು ಫುಟ್‌ಬಾಲ್ ಮೈದಾನದ ಹಾಗಿತ್ತು.

ಐದನೇ ಸೆಟ್, 8-7. ಸರ್ವ್ ಗೊರಾನ್ ಕೈಯಲ್ಲಿ. ಅವನ ಜೀವನವನ್ನೇ ಕಟ್ಟಿಕೊಟ್ಟ ಸರ್ವ್. ಮೊದಲ ಚಾಂಪಿಯನ್‌ಷಿಪ್ ಪಾಯಿಂಟ್: ಡಬಲ್ ಫಾಲ್ಟ್. ಎರಡನೆಯದು: ಮತ್ತೆ ಡಬಲ್ ಫಾಲ್ಟ್. ಆಕಾಶ ನೋಡಿ ಕೈ ಮುಗಿಯುತ್ತಾನೆ, ಚೆಂಡಿಗೆ ಮುತ್ತು ಕೊಡುತ್ತಾನೆ, ಕಣ್ಣಲ್ಲಿ ಆಗಲೇ ನೀರು. ಮೂರನೆಯದಕ್ಕೆ ರಾಫ್ಟರ್ ತಲೆ ಮೇಲಿಂದ ಲಾಬ್ ಎತ್ತಿ ಬಚಾವಾದ. ನಾಲ್ಕನೆಯದಕ್ಕೆ ಮೊದಲ ಸರ್ವ್ ಬೀಳಲಿಲ್ಲ. ಮತ್ತೆ ಎರಡನೇ ಸರ್ವ್! ಈ ಸಲ ಚೆಂಡು ಗೆರೆಯೊಳಗೆ ಬಿತ್ತು, ರಾಫ್ಟರ್ ಅದನ್ನು ನೆಟ್ಟಿಗೆ ಹೊಡೆದ.

ವೈಲ್ಡ್ ಕಾರ್ಡ್ ಹಿಡಿದು ಬಂದು ವಿಂಬಲ್ಡನ್ ಸಿಂಗಲ್ಸ್ ಗೆದ್ದ ಗಂಡಸು ಅವನೊಬ್ಬನೇ. ನನ್ನ ನೆನಪಲ್ಲಿ ಉಳಿದದ್ದು ಮಾತ್ರ ಆ ಎರಡು ಡಬಲ್ ಫಾಲ್ಟ್. ಲೋಕದ ದೊಡ್ಡ ಸರ್ವ್ ಇದ್ದವನಿಗೆ ಬೇಕಾದ ಹೊತ್ತಿನಲ್ಲಿ ಚೆಂಡನ್ನು ಸರ್ವೀಸ್ ಚೌಕದೊಳಗೆ ಬೀಳಿಸಲು ಆಗಲಿಲ್ಲವಲ್ಲ! ಅದನ್ನು ನೋಡಿದ ಮೇಲೆ ಅವನು ನಮ್ಮ ಮನೆ ಹುಡುಗ ಅನ್ನಿಸಿಬಿಟ್ಟ.

[ಸ್ಕ್ರೀನ್ ಮೇಲೆ: ವಿಂಬಲ್ಡನ್, 2008. ಮಬ್ಬು ಬೆಳಕಿನ ಸೆಂಟರ್ ಕೋರ್ಟ್ ಚಿತ್ರ]

ಈಗ ನಿಧಾನಕ್ಕೆ ಹೋಗೋಣ. ಇದನ್ನು ಅವಸರದಲ್ಲಿ ಹೇಳಿದರೆ ನನಗೆ ಸಮಾಧಾನ ಇಲ್ಲ.

ಫೆಡರರ್ ಐದು ವರ್ಷದಿಂದ ಸತತ ಚಾಂಪಿಯನ್. ಹುಲ್ಲಿನ ಮೇಲೆ ಸತತ 65 ಮ್ಯಾಚ್ ಗೆದ್ದುಕೊಂಡು ಬಂದಿದ್ದ. ಫೈನಲ್‌ನಲ್ಲಿ ಎದುರಿಗೆ ಸ್ಪೇನಿನ ರಾಫೆಲ್ ನಡಾಲ್, ಮೊದಲ ಎರಡು ಸೆಟ್ 6-4, 6-4 ಅವನೇ ಗೆದ್ದ. ಮಳೆ ಬಂತು, ಹೋಯಿತು. ಮೂರನೇ ಸೆಟ್ ಟೈಬ್ರೇಕ್‌ನಲ್ಲಿ ಫೆಡರರ್‌ಗೆ. ನಾಲ್ಕನೆಯದೂ ಟೈಬ್ರೇಕ್.

ಅಲ್ಲಿ ನಡಾಲ್ 5-2 ಮುಂದೆ, ಮುಂದಿನ ಎರಡು ಸರ್ವ್ ಅವನದ್ದೇ. ಎರಡೂ ಗೆದ್ದರೆ ಮುಗಿಯಿತು. ನಾನು ಟಿವಿ ಆರಿಸಲು ರಿಮೋಟ್ ಕೈಗೆ ತೆಗೆದುಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ. ಆಗ ನಡಾಲ್ ಡಬಲ್ ಫಾಲ್ಟ್ ಮಾಡಿದ. ನಡಾಲ್! ಮುಂದಿನದನ್ನು ನೆಟ್ಟಿಗೆ ಹೊಡೆದ. ರಿಮೋಟ್ ಕೆಳಗಿಟ್ಟೆ.

7-6, ಮೊದಲ ಚಾಂಪಿಯನ್‌ಷಿಪ್ ಪಾಯಿಂಟ್. ಫೆಡರರ್ ಒಳ್ಳೆಯ ಸರ್ವ್ ಹಾಕಿ ತಪ್ಪಿಸಿಕೊಂಡ. 7-7 ರಲ್ಲಿ ನಡಾಲ್ ಓಡುತ್ತಾ ಬಂದು ಗೆರೆಯುದ್ದಕ್ಕೂ ಒಂದು ಫೋರ್‌ಹ್ಯಾಂಡ್ ಹೊಡೆದ. ನೆಟ್ ಹತ್ತಿರ ನಿಂತಿದ್ದ ಫೆಡರರ್ ಸುಮ್ನೆ ನೋಡಿದ. ಬೇರೆ ಯಾವ ಮ್ಯಾಚ್‌ನಲ್ಲಿ ಆಗಿದ್ದರೂ ಅದೇ ಆ ದಿನದ ಶಾಟ್. 8-7, ಎರಡನೇ ಚಾಂಪಿಯನ್‌ಷಿಪ್ ಪಾಯಿಂಟ್, ಸರ್ವ್ ನಡಾಲ್‌ದು.

ನಡಾಲ್ ಚೆಂಡನ್ನು ಫೆಡರರ್‌ನ ಬ್ಯಾಕ್‌ಹ್ಯಾಂಡ್ ಕಡೆಗೆ ಆಳವಾಗಿ ಹೊಡೆದು ನೆಟ್‌ಗೆ ಬಂದ. ಸರಿಯಾದ ಲೆಕ್ಕವೇ. ವರ್ಷಗಟ್ಟಲೆ ಆ ಒಂಟಿಗೈ ಬ್ಯಾಕ್‌ಹ್ಯಾಂಡನ್ನೇ ಬಡಿದು ಬಡಿದು ಅವನು ಫೆಡರರ್‌ನನ್ನು ಸೋಲಿಸುತ್ತಿದ್ದದ್ದು. ಫೆಡರರ್ ಅದೇ ಬ್ಯಾಕ್‌ಹ್ಯಾಂಡನ್ನು ಗೆರೆಯ ಪಕ್ಕದಲ್ಲೇ ಸೀಳಿ ಕಳಿಸಿದ. ನಡಾಲ್ ತಿರುಗಿ ನೋಡುವುದರೊಳಗೆ 8-8. ಎರಡು ಪಾಯಿಂಟ್, ಎರಡು ಅಸಾಧ್ಯ ಶಾಟ್, ಒಂದರ ಹಿಂದೆ ಒಂದು. ಸೆಟ್ ಫೆಡರರ್‌ಗೆ ಹೋಯಿತು.

ಮ್ಯಾಚ್ ಹೋಗಲಿಲ್ಲ, ನಿಮಗೆ ಗೊತ್ತೇ ಇದೆ. ಮತ್ತೆ ಮಳೆ, ಮತ್ತೆ ಆಟ. ಸೆಂಟರ್ ಕೋರ್ಟಿಗೆ ಆಗಿನ್ನೂ ಮುಚ್ಚುವ ಛಾವಣಿ ಇರಲಿಲ್ಲ, ಬಂದದ್ದು ಮುಂದಿನ ವರ್ಷ. ರಾತ್ರಿ ಒಂಬತ್ತು ದಾಟಿತ್ತು, ಚೆಂಡು ಕಾಣುವುದೇ ಕಷ್ಟ. ನಾಲ್ಕನೇ ಚಾಂಪಿಯನ್‌ಷಿಪ್ ಪಾಯಿಂಟ್‌ಗೆ ಫೆಡರರ್‌ನ ಫೋರ್‌ಹ್ಯಾಂಡ್ ನೆಟ್ಟಿಗೆ ಬಿತ್ತು. 9-7. 4 ಗಂಟೆ 48 ನಿಮಿಷ. ನಡಾಲ್ ಅಂಗಾತ ಬಿದ್ದ. ಸೋತ ಮ್ಯಾಚನ್ನು ಇಷ್ಟು ಸಲ ತಿರುಗಿ ನೋಡುತ್ತೇನೆ ಅಂತ ಆಗ ಯಾರಾದರೂ ಹೇಳಿದ್ದರೆ ಜಗಳ ಆಡುತ್ತಿದ್ದೆ.

[ಸ್ಕ್ರೀನ್ ಮೇಲೆ ಮತ್ತೆ: 40-15]

ಸರಿ, ಇಲ್ಲಿಗೆ ಬರಲೇಬೇಕಲ್ಲ.

2010 ರ ಯುಎಸ್ ಓಪನ್ ಸೆಮಿಫೈನಲ್. ಫೆಡರರ್‌ಗೆ ಎರಡು ಮ್ಯಾಚ್ ಪಾಯಿಂಟ್. ಜೊಕೊವಿಚ್ ಎರಡನ್ನೂ ಉಳಿಸಿಕೊಂಡು ಗೆದ್ದ. 2011, ಅದೇ ಟೂರ್ನಿ, ಅದೇ ಸೆಮಿಫೈನಲ್. ಐದನೇ ಸೆಟ್ 5-3, ಫೆಡರರ್ ಸರ್ವ್, 40-15. ಗ್ಯಾಲರಿಯೆಲ್ಲ ಫೆಡರರ್ ಕಡೆ. ಜೊಕೊವಿಚ್ ಮುಖದಲ್ಲಿ ಒಂದು ವಕ್ರ ನಗು. ಮೊದಲ ಸರ್ವನ್ನೇ ಕಣ್ಣು ಮುಚ್ಚಿ ಹೊಡೆದ ಹಾಗೆ ಫೋರ್‌ಹ್ಯಾಂಡ್‌ನಿಂದ ಬೀಸಿದ. ಚೆಂಡು ಅಡ್ಡಡ್ಡ ಹಾರಿ ಗೆರೆ ಹತ್ತಿರ ಬಿದ್ದು ಹೋಯಿತು. ಆಮೇಲೆ ಎರಡೂ ಕೈ ಮೇಲೆತ್ತಿ ಜನರ ಕಡೆ ನೋಡಿದ, ಈಗಲಾದರೂ ಚಪ್ಪಾಳೆ ತಟ್ಟಿ ಅನ್ನುವ ಹಾಗೆ. ಆ ಮ್ಯಾಚೂ ಹೋಯಿತು.

2019, ವಿಂಬಲ್ಡನ್ ಫೈನಲ್. ಫೆಡರರ್‌ಗೆ 38 ತುಂಬಲು ಒಂದು ತಿಂಗಳೂ ಇರಲಿಲ್ಲ. ಐದನೇ ಸೆಟ್, 8-7, 40-15, ಸರ್ವ್ ಅವನದ್ದೇ. ಮೊದಲನೆಯದರಲ್ಲಿ ಫೋರ್‌ಹ್ಯಾಂಡ್ ಹೊರಗೆ. ಎರಡನೆಯದಕ್ಕೆ ನೆಟ್‌ಗೆ ಬಂದ, ಜೊಕೊವಿಚ್ ಅಡ್ಡಕ್ಕೆ ಹೊಡೆದು ದಾಟಿಸಿದ. ಕೊನೆಗೆ ಆಗಿನ ನಿಯಮದಂತೆ 12-12 ರಲ್ಲಿ ಟೈಬ್ರೇಕ್, ಜೊಕೊವಿಚ್ ಚಾಂಪಿಯನ್.

[ಸ್ಕ್ರೀನ್ ಮೇಲೆ: 218 – 204]

ಇದು ಆ ಮ್ಯಾಚ್‌ನಲ್ಲಿ ಇಬ್ಬರೂ ಗೆದ್ದ ಒಟ್ಟು ಪಾಯಿಂಟ್. 218 ಯಾರದ್ದು ಹೇಳಿ? ಸೋತವನದ್ದು. ಟೆನಿಸ್‌ನಲ್ಲಿ ಎಷ್ಟು ಪಾಯಿಂಟ್ ಗೆದ್ದಿರಿ ಅನ್ನುವುದಕ್ಕಿಂತ ಯಾವುದನ್ನು ಗೆದ್ದಿರಿ ಅನ್ನುವುದೇ ಮುಖ್ಯ. ಒಂದು ಸೆಟ್ 6-1 ಗೆದ್ದರೂ ಒಂದೇ ಸೆಟ್, ಟೈಬ್ರೇಕ್‌ನಲ್ಲಿ ಕೂದಲೆಳೆಯಲ್ಲಿ ಗೆದ್ದರೂ ಒಂದೇ ಸೆಟ್. ಫೆಡರರ್ ಎರಡನೇ ಸೆಟ್ 6-1 ಗೆದ್ದಿದ್ದ. ಜೊಕೊವಿಚ್ ಆ ದಿನದ ಮೂರೂ ಟೈಬ್ರೇಕ್ ಗೆದ್ದ. ಜನ ಫೆಡರರ್ ಹೆಸರು ಕೂಗುವಾಗ ತನ್ನ ಹೆಸರನ್ನೇ ಕೂಗುತ್ತಿದ್ದಾರೆ ಅಂದುಕೊಳ್ಳುತ್ತೇನೆ ಅಂತ ಅವನು ಆಮೇಲೆ ಹೇಳಿದ. ಇಂಥ ತಲೆ ಇರುವವನ ಮೇಲೆ ಎಷ್ಟು ಅಂತ ಸಿಟ್ಟು ಮಾಡಿಕೊಳ್ಳುವುದು?

[ಸ್ಕ್ರೀನ್ ಮೇಲೆ: ಪ್ಯಾರಿಸ್, ಜೂನ್ 8, 2025]

ಫೆಡರರ್ ಆಟ ಬಿಟ್ಟ, ನಡಾಲ್ ಆಟ ಬಿಟ್ಟ, ಇನ್ನು ಈ ನೋವು ಇಲ್ಲ ಅಂದುಕೊಂಡಿದ್ದೆ. ಫ್ರೆಂಚ್ ಓಪನ್ ಫೈನಲ್, ಕಾರ್ಲೋಸ್ ಅಲ್ಕರಾಜ್ ಎದುರು ಯಾನಿಕ್ ಸಿನ್ನರ್ ಎರಡು ಸೆಟ್‌ಗೆ ಒಂದರಿಂದ ಮುಂದೆ. ನಾಲ್ಕನೆಯದರಲ್ಲಿ 5-3. ಅಲ್ಕರಾಜ್ ಸರ್ವ್, 0-40. ಮೂರು ಚಾಂಪಿಯನ್‌ಷಿಪ್ ಪಾಯಿಂಟ್! ಅಲ್ಕರಾಜ್ ಮೂರನ್ನೂ ಉಳಿಸಿಕೊಂಡ, ಸೆಟ್ ಗೆದ್ದ, ಐದನೆಯದನ್ನು ಹೊಸ ನಿಯಮದ ಟೈಬ್ರೇಕ್‌ನಲ್ಲಿ 10-2 ಗೆದ್ದ. 5 ಗಂಟೆ 29 ನಿಮಿಷ. ಆಮೇಲೆ ಕುರ್ಚಿಯಲ್ಲಿ ಕೂತ ಸಿನ್ನರ್ ಮುಖ ನೋಡಲು ಆಗಲಿಲ್ಲ. ಆ ಮುಖ ನನಗೆ ಹಳೆಯ ಪರಿಚಯ.

ಐದು ವಾರ ಕಳೆದ ಮೇಲೆ ವಿಂಬಲ್ಡನ್ ಫೈನಲ್. ಅದೇ ಇಬ್ಬರು. ನಾಲ್ಕನೇ ಸೆಟ್, ಸಿನ್ನರ್ 5-4 ಮುಂದೆ, ಚಾಂಪಿಯನ್‌ಷಿಪ್‌ಗೆ ಸರ್ವ್ ಮಾಡುತ್ತಿದ್ದಾನೆ. ನಾನು ಸಿನ್ನರ್ ಅಭಿಮಾನಿಯೇನೂ ಅಲ್ಲ. ಆದರೂ ಎದ್ದು ನಿಂತಿದ್ದೆ. ಈ ಸಲ ಸರ್ವ್ ಕೈಕೊಡಲಿಲ್ಲ. ಅವನು ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ಹುಲ್ಲನ್ನು ತಟ್ಟಿದ.

[ಕ್ಯಾಮೆರಾ ಮುಂದೆ]

ನಿಮ್ಮ ಹೊಟ್ಟೆ ಕಲಸುವ ಸ್ಕೋರ್ ಯಾವುದು, ಕಾಮೆಂಟಿನಲ್ಲಿ ಬರೆಯಿರಿ. ಎಲ್ಲವನ್ನೂ ಓದುತ್ತೇನೆ. 40-15 ಅಂತ ಮಾತ್ರ ಯಾರೂ ಬರೆಯಬೇಡಿ, ಪ್ಲೀಸ್.